ಸತ್ತವರ ಪಟ್ಟಿಯಲ್ಲಿ ನನ್ನ ಹೆಸರು

ನನಗೆ ಆಗಿದ್ದು ಟಿ.ಬಿ. ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಆ ಹೆಸರನ್ನು ತಿಂಗಳುಗಟ್ಟಲೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದರಲ್ಲೂ ಮಾಮೂಲಿ ಮಾತ್ರೆಗೆ ಜಗ್ಗದ ಟಿ.ಬಿ. ಈಗ ವಾಸಿಯಾಗಿದೆ. ಕಾಲಬೆರಳುಗಳಲ್ಲಿ ಜೋಮು ಉಳಿದುಕೊಂಡಿದೆ, ಮಾತ್ರೆಯಿಂದ ಕಪ್ಪಾದ ಮೈಬಣ್ಣ ನಿಧಾನವಾಗಿ ತಿಳಿಯಾಗುತ್ತಿದೆ, ಅಷ್ಟೇ. ಇದನ್ನು ಬರೆಯುತ್ತಿರುವುದು ಯಾವುದೋ ಹಿಂದಿನ ಕೋಣೆಯಲ್ಲಿ ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡು ಕೂತವರಿಗಾಗಿ. ರೋಗದ ವಿವರ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆ ತಟ್ಟೆಯ ವಿಷಯ ಮಾತ್ರ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ.

ಆಗ ನಾನು ಭಟ್ಕಳದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮನೆ ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿಬರುವುದು. ರಾಜ್ಯಶಾಸ್ತ್ರ ಕಲಿಸುತ್ತಿದ್ದೆ, ತರಗತಿ ಮುಗಿದ ಮೇಲೆ ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದೆ. ನಾನೂ ಆ ಸ್ಪರ್ಧೆಗಳಲ್ಲೇ ಬೆಳೆದವಳು. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ, ಯಾವ ಕಡೆ ನಿಲ್ಲಿಸಿದರೂ ಗೆದ್ದು ಬರುತ್ತಿದ್ದೆ. ಗೆದ್ದ ಮಾತನ್ನು ಮನೆಗೆ ತಂದು ಅದರಂತೆ ಬದುಕಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ನಮ್ಮದು ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ಪಪ್ಪಾ ಬೋಟಿನ ಎಂಜಿನ್ ರಿಪೇರಿ ಮಾಡುವವರು. ಅಮ್ಮನಿಗೆ ನಾವು ಮಾಂಯ್ ಅನ್ನುತ್ತೇವೆ. ನನಗೆ ಹತ್ತೊಂಬತ್ತು ವರ್ಷವಿದ್ದಾಗ ಇಗರ್ಜಿಯ, ಅಂದರೆ ನಮ್ಮೂರ ಚರ್ಚಿನ, ಅಂಗಳದಲ್ಲಿ ಚಪ್ಪರ ಹಾಕಿ ಮೂರು ದಿನದ ಧ್ಯಾನಕೂಟ ನಡೆದಿತ್ತು. ಕೊನೆಯ ದಿನ ಪ್ರವಚನ ಮಾಡಲು ಬಂದವರು, ಇಡೀ ಬದುಕನ್ನು ಯೇಸುವಿಗೆ ಪೂರ್ತಿಯಾಗಿ ಒಪ್ಪಿಸುವವರು ಕೈ ಎತ್ತಿ ಅಂದರು. ಚಪ್ಪರದಲ್ಲಿ ಕೈ ಎತ್ತದೆ ಕೂತವಳು ನಾನೊಬ್ಬಳೇ. ಮನೆಗೆ ಬರುವಾಗ ಮಾಂಯ್ ಯಾಕೆ ಅಂತ ಕೇಳಿದಳು. "ಪೂರ್ತಿ ಅಂದ್ರೆ ಎಷ್ಟು ಅಂತ ಅವರು ಹೇಳಲಿಲ್ಲ. ನಾಳೆಯ ಬದುಕು ಇನ್ನೂ ನನ್ನ ಕೈಗೇ ಬಂದಿಲ್ಲ, ಅದನ್ನ ಇವತ್ತು ಹೇಗೆ ಕೊಡೂದು?" ಅಂದೆ. ಮಾಂಯ್ ಆಮೇಲೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾನದನ್ನು ಗೆಲುವು ಅಂದುಕೊಂಡೆ. ಅಂದಿನಿಂದ ಇಗರ್ಜಿಯ ಭಾನುವಾರದ ಪೂಜೆಗೆ ಹೋಗುವುದನ್ನು ಬಿಟ್ಟೆ.

ಕೆಮ್ಮು ಶುರುವಾಗಿ, ತೂಕ ಇಳಿದು, ಮೊದಲ ಔಷಧಿ ನಾಟದೆ ಕುಮಟಾದ ಒಂದು ಆಸ್ಪತ್ರೆಗೆ ಹೋಗುವಂತಾಯಿತು. ಅಲ್ಲಿ ನಮ್ಮಂಥವರಿಗೆ ಕಟ್ಟಡದ ಹಿಂಭಾಗದಲ್ಲಿ, ಹೊರಗೆ ಗಾಳಿ ಆಡುವಲ್ಲಿ ಒಂದು ಬೆಂಚು. ಬೆಂಚಿನ ಎರಡು ತುದಿಗೆ ಇಬ್ಬರು ಕೂತರೆ ಮೂರನೆಯವರು ನಿಂತೇ ಇರುತ್ತಾರೆ. ರೋಗಿಗಳೇ ರೋಗಿಗಳಿಗೆ ಹೆದರುವ ಜಾಗ ಅದು. ಮೊದಲ ದಿನ ಹೊಳನಗದ್ದೆಯ ಮುದುಕರೊಬ್ಬರು ತಮ್ಮ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಕೂತ್ಕ ತಂಗಿ, ಇಬ್ಬರಿಗೂ ಅದೇ ಆದದ್ದಲ್ವಾ, ಇನ್ನೆಂತ ಹತ್ತೂದು" ಅಂದರು. ಕಾಯಿಲೆ ಗೊತ್ತಾದ ಮೇಲಿನ ಮೂರು ವಾರದಲ್ಲಿ ಒಬ್ಬ ಮನುಷ್ಯ ನನಗೆ ಅಷ್ಟು ಹತ್ತಿರ ಕೂತಿದ್ದು ಅದೇ ಮೊದಲು. ಅವರು ತಮ್ಮ ಹರಿವೆ, ಬದನೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಕಾಯಿಲೆಯ ಬಗ್ಗೆ ಒಂದು ಮಾತೂ ಬರಲಿಲ್ಲ. ಮತ್ತೆ ಅವರನ್ನು ನಾನು ಕಾಣಲಿಲ್ಲ.

ಮಾತ್ರೆ ಕೊಡುವ ಸಿಸ್ಟರ್ ನೇರ ಮಾತಿನವರು. "ನೋಡು, ಮೊದಲಿನ ಔಷಧಿ ಕೈಕೊಟ್ಟಾತು. ಇದೂ ಕೈಕೊಟ್ರೆ ಆಮೇಲೆ ಕೊಡೂಕೆ ನನ್ನ ಹತ್ರ ಹೆಚ್ಚಿಗೆ ಎಂತದೂ ಉಳಿಯೂದಿಲ್ಲ. ವಾಂತಿ ಆದ್ರೂ ಸರಿ, ಒಂದಿನ ಬಿಡೂಕಿಲ್ಲ." ನಾನು ತಲೆ ಆಡಿಸಿದೆ. ಮಾಂಯ್ ಕೇಳಿದ್ದು ಒಂದೇ: "ಇದು ಊರಲ್ಲಿ ಗೊತ್ತಾಗೂದಿಲ್ಲ ಅಲ್ವಾ?" ನನಗೆ ಸಂಬಂಧ ನೋಡುತ್ತಿದ್ದ ಕಾಲ ಅದು.

ಊರಿಗೆ ಕಾಮಾಲೆ ಅಂತ ಹೇಳಿದ್ದಾಯಿತು. ನಮ್ಮೂರಲ್ಲಿ ಕಾಮಾಲೆ ಅಂದರೆ ಎಲ್ಲರೂ ವೈದ್ಯರು. ವಾರದೊಳಗೆ ಜಗಲಿಯ ಮೇಲೆ ನೆಲನೆಲ್ಲಿಯ ಕಟ್ಟುಗಳು ಬಂದು ಬಿದ್ದವು. ಪಪ್ಪಾ ಅವನ್ನು ಎಸೆಯಲೂ ಆರದೆ, ಇಡಲೂ ಆರದೆ ಸ್ವತಃ ಅರೆದು ಕುಡಿದರು. ಪಾಪ, ಅವರಿಗೆ ಏನಾದರೂ ಮಾಡಬೇಕಿತ್ತು. ನನ್ನ ಕೋಣೆಗೆ ಮಾತ್ರ ಬರುತ್ತಿರಲಿಲ್ಲ. ಹೊರಗೆ ಕೂತು ಚಹಾ ಕುಡಿಯುತ್ತ ಕೆಮ್ಮಿದ ಹಾಗೆ ಮಾಡಿ, ನಾನು ಒಳಗಿಂದ ಕೆಮ್ಮಿದರೆ ಸಮಾಧಾನ ಪಟ್ಟುಕೊಳ್ಳುತ್ತಿದ್ದರು. ಮಾಂಯ್ ಊಟವನ್ನು ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು ಹೋಗುತ್ತಿದ್ದಳು. ಭಟ್ಕಳದಿಂದ ಎರಡು ವಾರ ಮೆಸೇಜುಗಳು ಬಂದವು, ಆಮೇಲೆ ನಿಂತವು. ಕಾಲೇಜಿಗೆ ಮಾತ್ರ ನಾನು ನಿಜ ಹೇಳಿದ್ದೆ. ಸ್ಟಾಫ್ ರೂಮಿನಲ್ಲಿದ್ದ ನನ್ನ ಕುರ್ಚಿಯನ್ನು ಎತ್ತಿ ವರಾಂಡದಲ್ಲಿ ಇಟ್ಟಿದ್ದಾರೆ ಅಂತ ಆಮೇಲೆ ಗೊತ್ತಾಯಿತು.

ಕುಮಟಾಕ್ಕೆ ಹೋಗುವ ದಿನ ಇನ್ನೊಂದು ಕಷ್ಟ. ನಮ್ಮ ಮನೆಗೂ ರಸ್ತೆಗೂ ನಡುವೆ ಒಂದು ಓಣಿ, ಓಣಿಯ ಪಕ್ಕ ಸೆರಾಫಿನ್ ಮೌಶಿಯ ಹಿತ್ತಲು. ಮೌಶಿ ಒಣಮೀನಿನ ಕೆಲಸ ಮಾಡುವ ವಿಧವೆ, ಕರೆಯುವುದು ಚಿಕ್ಕಮ್ಮ ಅಂತಾದರೂ ವರಸೆಯಲ್ಲಿ ನಮಗೆ ಏನೂ ಆಗಬೇಕಾಗಿಲ್ಲ. ಅದಕ್ಕೂ ಆರು ವರ್ಷದ ಹಿಂದೆ, ಓಣಿಯಲ್ಲಿ ಅರ್ಧ ತನ್ನದು ಅಂತ ಕೆಂಪು ಚಿರೇಕಲ್ಲಿನ ಗೋಡೆ, ಪಾಗಾರ, ಎಬ್ಬಿಸಿದ್ದಳು. ಆಮೇಲೆ ಓಣಿಯಲ್ಲಿ ಒಬ್ಬರು ನಡೆಯಬಹುದು, ರಿಕ್ಷಾ ಬರುವುದಿಲ್ಲ. ಎರಡೂ ಮನೆಯ ನಡುವೆ ಹೊನ್ನಾವರದ ಕೋರ್ಟಿನಲ್ಲಿ ಕೇಸು, ಮಾತಿಲ್ಲ, ಕತೆಯಿಲ್ಲ. ಹಾಗಾಗಿ ನಾನು ರಸ್ತೆಯವರೆಗೆ ನಡೆಯಬೇಕು, ಅದೂ ನೆಟ್ಟಗೆ, ಯಾರಿಗೂ ಅನುಮಾನ ಬರದಂತೆ. ಅರ್ಧ ದಾರಿಯಲ್ಲಿ ಆ ಪಾಗಾರಕ್ಕೇ ಕೈ ಊರಿ ದಮ್ಮು ತೆಗೆದುಕೊಳ್ಳುತ್ತಿದ್ದೆ.

ಎರಡನೇ ತಿಂಗಳ ಒಂದು ಭಾನುವಾರ. ಪಪ್ಪಾ ಬಂದರಿಗೆ ಹೋಗಿದ್ದರು, ಮಾಂಯ್ ಅಡುಗೆಮನೆಯಲ್ಲಿದ್ದಳು. ಅಂಗಳದಿಂದ ದೊಡ್ಡ ದನಿಯ ಅಳು ಕೇಳಿತು. ಕಿಟಕಿಯಲ್ಲಿ ನೋಡಿದರೆ ಸೆರಾಫಿನ್ ಮೌಶಿ. ಪೂಜೆಯಿಂದ ನೇರ ಬಂದಿದ್ದಾಳೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಎರಡು ಮೇಣದಬತ್ತಿ. ಆರು ವರ್ಷದಲ್ಲಿ ನಮ್ಮ ಅಂಗಳ ತುಳಿಯದವಳು.

"ನಂಗೆ ಒಂದು ಮಾತು ಹೇಳೂಕೆ ಆಗಲಿಲ್ವನೇ ನಿಂಗೆ?" ಅಂತ ಮಾಂಯ್‌ಗೆ ಕೇಳುತ್ತಿದ್ದಾಳೆ. "ಜಗಳ ಬೇರೆ, ಸಾವು ಬೇರೆ. ಸಾವಿನ ಮನೆಗೆ ಯಾರು ಬರೂದಿಲ್ಲ ಹೇಳು."

"ಯಾರ ಸಾವು?" ಅಂದಳು ಮಾಂಯ್.

"ನಿನ್ನ ಮಗಳದ್ದು. ಇಗರ್ಜಿಯಲ್ಲಿ ಓದಿದ್ರಲ್ಲ."

"ಮೌಶಿ, ನಾನು ಇಲ್ಲೇ ಇದ್ದೇನೆ" ಅಂದೆ ಕಿಟಕಿಯಿಂದ.

ಮೌಶಿ ಶಿಲುಬೆಯ ಗುರುತು ಹಾಕಿಕೊಂಡಳು. ಒಂದು ಕ್ಷಣ ನನ್ನನ್ನು, ಒಂದು ಕ್ಷಣ ಮೇಣದಬತ್ತಿಯನ್ನು ನೋಡಿದಳು. "ಸತ್ತಿಲ್ವಾ ನೀನು?"

"ಸದ್ಯಕ್ಕೆ ಇಲ್ಲ."

ಆದದ್ದು ಇಷ್ಟು. ನಮ್ಮ ಇಗರ್ಜಿಯ ಬಾಗಿಲ ಬಳಿ ಎರಡು ಪೆಟ್ಟಿಗೆ ಇವೆ. ಕಾಯಿಲೆಯವರಿಗಾಗಿ ಪ್ರಾರ್ಥಿಸಿ ಅಂತ ಹೆಸರು ಬರೆದು ಹಾಕುವುದು ಒಂದಕ್ಕೆ, ತೀರಿಕೊಂಡವರ ಹೆಸರು ಇನ್ನೊಂದಕ್ಕೆ. ಭಾನುವಾರ ಎರಡೂ ಪಟ್ಟಿ ಓದುತ್ತಾರೆ. ಮಾಂಯ್ ಶನಿವಾರ ಸಂಜೆ ನನ್ನ ಹೆಸರು ಬರೆದುಕೊಂಡು ಹೋಗಿದ್ದಳು. ಕಾಯಿಲೆಯವರ ಪೆಟ್ಟಿಗೆಯ ಹತ್ತಿರ ಯಾರೋ ಇಬ್ಬರು ಮಾತಾಡುತ್ತ ನಿಂತಿದ್ದರಂತೆ. ಅವರ ಎದುರು ಹಾಕಿದರೆ ಯಾರಿಗೆ, ಏನಾಯಿತು, ಇಷ್ಟು ದಿನ ಕಾಮಾಲೆ ಇರುತ್ತದಾ ಅಂತ ಕೇಳಿಯಾರು. ಸತ್ತವರ ಪೆಟ್ಟಿಗೆಗೆ ಹಾಕಿದರೆ ಯಾರೂ ಏನೂ ಕೇಳುವುದಿಲ್ಲ, ಎಲ್ಲರ ಮನೆಯಲ್ಲೂ ಸತ್ತವರಿರುತ್ತಾರೆ. ದೇವರಿಗೆ ಹೇಗೂ ಗೊತ್ತಾಗುತ್ತದೆ ಅಂದುಕೊಂಡು ಹಾಕಿ ಬಂದಿದ್ದಳು. ಓದುವಾಗ ಇಡೀ ಊರಿಗೆ ಕೇಳುತ್ತದೆ ಅನ್ನುವುದು ಆ ಗಡಿಬಿಡಿಯಲ್ಲಿ ನೆನಪಾಗಿರಲಿಲ್ಲ.

"ಹಾಗಾದ್ರೆ ಇವಳಿಗೆ ಎಂತ ಆತು?" ಮೌಶಿ ಕೇಳಿದಳು.

"ಕಾಮಾಲೆ" ಅಂದಳು ಮಾಂಯ್. ಅದೇ ಉಸಿರಿಗೆ ನಾನು "ಟಿ.ಬಿ." ಅಂದೆ.

"ಎರಡೂ ಆತಾ?"

ನನಗೆ ನಗು ಬಂತು, ನಗು ಕೆಮ್ಮಾಯಿತು. ಮೌಶಿ ಮೂರು ಹೆಜ್ಜೆ ಹಿಂದೆ ಸರಿದು ಮೂಗಿಗೆ ಸೆರಗು ಹಿಡಿದಳು. ಹೆದರಿದ್ದನ್ನು ಮುಚ್ಚಿಡಲಿಲ್ಲ, ನನಗೆ ಅದು ಇಷ್ಟವಾಯಿತು. ಹೊರಡುವಾಗ, "ಸಾವಿನ ಮನೆ ಅಂತ ಬಂದಾತು. ಬಂದ ಮೇಲೆ ಮತ್ತೆ ಬಾರದೆ ಇರೂಕೆ ಕಾರಣ ಬೇಕಲ್ಲ" ಅಂತ ತನಗೇ ಹೇಳಿಕೊಂಡಳು.

ಮಧ್ಯಾಹ್ನದೊಳಗೆ ಊರಿಗೆ ನಿಜ ಗೊತ್ತಾಯಿತು. ನೆಲನೆಲ್ಲಿ ಬರುವುದು ನಿಂತಿತು. ಸಂಬಂಧದ ಮಾತು ನಿಂತಿತು. ಜಗಲಿಗೆ ಹಾಲಿಡುವವರು ಗೇಟಿನಲ್ಲೇ ಇಟ್ಟು ಹೋದರು. "ನೀನು ಬಾಯಿ ಮುಚ್ಚಿಕೊಂಡಿದ್ರೆ ಆಗ್ತಿತ್ತು" ಅಂತ ಮಾಂಯ್ ಬಾಗಿಲ ಆಚೆಯಿಂದ ಅಂದಳು. "ನೀನು ಸರಿಯಾದ ಪೆಟ್ಟಿಗೆಗೆ ಹಾಕಿದ್ರೆ ಆಗ್ತಿತ್ತು" ಅಂದೆ. ಗೆದ್ದೆ. ಆಮೇಲೆ ಇಡೀ ದಿನ ಆ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಬಂದವಳು ಸೆರಾಫಿನ್ ಮೌಶಿ ಒಬ್ಬಳೇ. ಮಧ್ಯಾಹ್ನ ಮೀನು ಮಗುಚಿ ಹಾಕಿ, ಮೂರರ ಸುಮಾರಿಗೆ ಬಂದು ನನ್ನ ಕಿಟಕಿಯ ಹೊರಗೆ ಮೀನಿನ ಕ್ರೇಟೊಂದನ್ನು ಕವುಚಿ ಹಾಕಿ ಕೂರುತ್ತಿದ್ದಳು. ಪಪ್ಪಾ ಅವಳನ್ನು ಕಂಡರೆ ಹಿತ್ತಲ ಕಡೆ ಹೋಗುತ್ತಿದ್ದರು. ಮೌಶಿಯ ಜೊತೆ ನಮ್ಮ ಮಾತು ಅರ್ಧ ಕೊಂಕಣಿ, ಅರ್ಧ ಕನ್ನಡ. ವಾದಕ್ಕೆ ಬಿದ್ದರೆ ಪೂರ್ತಿ ಕನ್ನಡ, ಕೇಸಿನ ಕಾಗದಗಳೆಲ್ಲ ಕನ್ನಡದಲ್ಲಿದ್ದುದಕ್ಕೋ ಏನೋ.

ನಾನು ಕಾಯುತ್ತಿದ್ದೆ, ಇವತ್ತು ಯೇಸುವಿನ ಮಾತು ತೆಗೆಯುತ್ತಾಳೆ, ನಾಳೆ ತೆಗೆಯುತ್ತಾಳೆ ಅಂತ. ಉತ್ತರ ಎಲ್ಲ ತಯಾರಿತ್ತು. ಅವಳು ತೆಗೆಯಲೇ ಇಲ್ಲ. ಬಂಗಡೆ, ಅಳಿಯ, ಮಂಡಿನೋವು, ಯಾರ ಮದುವೆಯ ಊಟದಲ್ಲಿ ಏನು ಹಳಸಿತ್ತು, ಇದೇ. ಕೊನೆಗೆ ತಡೆಯಲಾರದೆ ನಾನೇ ಕೇಳಿದೆ.

"ಮೌಶಿ, ಅವತ್ತು ಧ್ಯಾನಕೂಟದಲ್ಲಿ ನೀವು ಕೈ ಎತ್ತಿದ್ರಾ?"

"ಎರಡೂ ಎತ್ತಿದ್ದೆ."

"ಎಂತ ಕೊಟ್ರಿ?"

"ಎಲ್ಲ. ನಮ್ಮನೆಯವರು ತೀರಿಹೋದ ಮೇಲೆ ಉಳಿದ ಬಾಳು. ಮಂಡಿನೋವು. ಒಣಹಾಕಿದ ಮೀನಿನ ಮೇಲೆ ಮಳೆ ಹೊಯ್ದಾಗ ಬರೂ ಸಿಟ್ಟು. ಅಳಿಯ."

"ಅಳಿಯನನ್ನೂ ಕೊಟ್ರಾ?"

"ಮೊದಲು ಕೊಟ್ಟಿದ್ದೇ ಅವನನ್ನ."

"ಪಾಗಾರ?"

ಮೌಶಿ ಓಣಿಯ ಕಡೆ ತಿರುಗಿ ನೋಡಿದಳು. "ಅದು ಕೋರ್ಟಿನಲ್ಲಿ ಅದೆ."

ನನಗೆ ತಿಂಗಳುಗಳ ಮೇಲೆ ಮೈಯಲ್ಲಿ ಹಳೆಯ ಬಿಸಿ ಬಂತು. ಕಿಟಕಿಯ ಸರಳು ಹಿಡಿದು ಎದ್ದು ನಿಂತೆ. "ಎಲ್ಲ ಅಂದ್ರಲ್ಲ. ಅದರಲ್ಲಿ ಪಾಗಾರ ಸೇರಿದ್ರೆ ಅದು ಈಗ ನಿಮ್ಮದಲ್ಲ, ಕೇಸು ನಡೆಸೂ ಹಕ್ಕು ನಿಮಗಿಲ್ಲ. ಸೇರಿಲ್ಲ ಅಂದ್ರೆ ನೀವು ಎಲ್ಲ ಕೊಟ್ಟಿಲ್ಲ, ಎರಡು ಕೈ ಎತ್ತಿದ್ದೂ ಸುಳ್ಳು. ಎರಡರಲ್ಲಿ ಯಾವುದು ಮೌಶಿ? ಮೂರನೇದು ಇಲ್ಲ."

ಅವಳು ಮಂಡಿಗೆ ಕೈ ಊರಿ ಎದ್ದಳು. ಸಿಟ್ಟಾಗುತ್ತಾಳೆ ಅಂದುಕೊಂಡೆ. "ನೀ ಹೇಳೂದು ಸಮ ಅದೆ" ಅಂದಳು. ಕ್ರೇಟನ್ನು ಗೋಡೆಗೆ ಒರಗಿಸಿ ಹೊರಟುಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಿಟಕಿಯ ಆಚೆ ಕ್ರೇಟು ಮಾತ್ರ. ಇಂಥ ಗೆಲುವು ನನಗೆ ಹೊಸದಲ್ಲ, ಆದರೆ ಗೆದ್ದು ಇಳಿದ ಮೇಲೆ ಚಪ್ಪಾಳೆ ತಟ್ಟಲು ಯಾರೋ ಇರುತ್ತಿದ್ದರು. ಈಗ ಮೂರು ಗಂಟೆ ಆಗುತ್ತಿತ್ತು, ಐದಾಗುತ್ತಿತ್ತು, ಬಿಸಿಲು ಗೋಡೆಯಿಂದ ಇಳಿದು ಹೋಗುತ್ತಿತ್ತು.

ಇಲ್ಲಿ ಒಂದನ್ನು ಒಪ್ಪಿಕೊಳ್ಳಬೇಕು. ಆ ವಾರ ನಾನು ಮಾತ್ರೆ ನಿಲ್ಲಿಸಿದೆ. ದಿನಾ ಬೆಳಿಗ್ಗೆ ಒಂದು ಹಿಡಿ ಮಾತ್ರೆ, ಆಮೇಲೆ ಮಧ್ಯಾಹ್ನದವರೆಗೆ ಹೊಟ್ಟೆ ತೊಳಸುವುದು, ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಬರೀ ವಾಂತಿಯಾದರೆ ತಡೆದುಕೊಳ್ಳುತ್ತಿದ್ದೆ. ಇಷ್ಟೆಲ್ಲ ಪಟ್ಟು ಉಳಿದರೆ ಯಾರ ಬಳಿಗೆ ಉಳಿಯುವುದು ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ವಾದ ಮಾತ್ರ ಇತ್ತು: ನನ್ನ ಬದುಕು ನನ್ನದು, ಬೇಡ ಅನ್ನುವ ಹಕ್ಕೂ ನನ್ನದೇ. ಎಲ್ಲೂ ಬಿರುಕಿಲ್ಲದ ವಾದ. ಮಾತ್ರೆಗಳನ್ನು ಕಿಟಕಿಯಾಚೆ ಕ್ರೋಟನ್ ಗಿಡದ ಬುಡಕ್ಕೆ ಹಾಕುತ್ತಿದ್ದೆ. ಸಿಸ್ಟರ್ ಹೇಳಿದ್ದು ನೆನಪಿತ್ತು. ನೆನಪಿದ್ದೇ ಹಾಕುತ್ತಿದ್ದೆ.

ಏಳನೇ ದಿನ ಬೆಳಿಗ್ಗೆ ಓಣಿಯ ಕಡೆಯಿಂದ ಪಿಕಾಸಿಯ ಪೆಟ್ಟು ಕೇಳಿತು. ಒಂದು ಪೆಟ್ಟು, ಸ್ವಲ್ಪ ಹೊತ್ತು ದಮ್ಮು, ಇನ್ನೊಂದು ಪೆಟ್ಟು. ಪಪ್ಪಾ ಹಲ್ಲುಜ್ಜುತ್ತಿದ್ದವರು ಹಾಗೇ ಓಡಿದರು. ನನ್ನ ಕಿಟಕಿಗೆ ಮಾತು ಕೇಳಿಸುತ್ತಿತ್ತು.

"ಎಂತ ಮಾಡ್ತಾ ಇದ್ದೆ ಸೆರಾಫಿನ್?"

"ಕಣ್ಣು ಕಾಣೂದಿಲ್ವಾ?"

"ಕೇಸು ಅದೆ."

"ಕೇಸು ಮುಗೀತು. ನಿನ್ನ ಮಗಳು ಗೆದ್ದಳು."

ಮತ್ತೆ ಪಿಕಾಸಿಯ ಪೆಟ್ಟು. ಬಹಳ ಹೊತ್ತಿನ ಮೇಲೆ ಎರಡು ಪಿಕಾಸಿಯ ಸದ್ದು. ಪಪ್ಪಾ ಒಳಗಿಂದ ನಮ್ಮದನ್ನು ತೆಗೆದುಕೊಂಡು ಹೋಗಿದ್ದರು.

ನಾನು ಹಾಸಿಗೆಯ ಮೇಲೆ ಕೂತು ಪೆಟ್ಟುಗಳನ್ನು ಎಣಿಸುತ್ತಿದ್ದೆ. ಅಷ್ಟು ವರ್ಷ ನಾನು ಎಷ್ಟು ಜನರನ್ನು ಸೋಲಿಸಿದ್ದೇನೆ. ಸೋತವರು ಕೈಕುಲುಕಿ ಮನೆಗೆ ಹೋಗಿದ್ದಾರೆ, ಮರುದಿನ ಮೊದಲಿನ ಹಾಗೇ ಇದ್ದಾರೆ. ನಾನು ಸೋತಾಗಲೂ ಅಷ್ಟೇ. ಸೋತ ಮಾತನ್ನು ಮನೆಗೆ ಹೊತ್ತುಕೊಂಡು ಹೋಗಿ, ಆರು ದಿನ ಅದರ ಜೊತೆ ಕೂತು, ಏಳನೇ ದಿನ ಪಿಕಾಸಿ ತೆಗೆದುಕೊಂಡವರನ್ನು ನಾನು ಕಂಡಿರಲಿಲ್ಲ. ಆ ಹೆಂಗಸು 'ಎಲ್ಲ' ಅಂದದ್ದು ನಿಜವಾಗಿಯೂ ಎಲ್ಲ ಅಂತಲೇ. ಒಂದು ಉಳಿದುಹೋಗಿತ್ತು, ತೋರಿಸಿಕೊಟ್ಟ ಮೇಲೆ ಅದನ್ನೂ ಕೊಟ್ಟಳು.

ಕೆಂಪು ಧೂಳು ಮೆತ್ತಿದ ಕೈಯಲ್ಲೇ ಕಿಟಕಿಯ ಹತ್ತಿರ ಬಂದಳು. "ಆತು. ಇನ್ನೆಂತಾದ್ರೂ ಉಳಿದಿದ್ರೆ ಈಗಲೇ ಹೇಳು. ನಂಗೆ ಹೊಳೆಯೂದಿಲ್ಲ, ನಿಂಗೆ ಹೊಳೀತದೆ." ಕುಹಕವಲ್ಲ. ನಿಜವಾಗಿ ಕೇಳುತ್ತಿದ್ದಳು.

"ಮೌಶಿ, ನಾನು ಏಳು ದಿನದಿಂದ ಮಾತ್ರೆ ನುಂಗ್ತಾ ಇಲ್ಲ."

"ಯಾಕೆ?"

"ನನ್ನ ಬದುಕು. ನನ್ನ ಇಷ್ಟ."

"ಹೌದಾ" ಅಂದಳು. "ಪಹಣಿ ಅದೆಯಾ ನಿನ್ನ ಹೆಸರಲ್ಲಿ?"

ಆರು ವರ್ಷ ಜಾಗದ ಕಾಗದ ಹಿಡಿದು ಕೋರ್ಟು ಅಲೆದವಳ ಪ್ರಶ್ನೆ. ನಾನು ಬಾಯಿ ತೆರೆದೆ. ಹೇಳಲು ಬೇಕಾದಷ್ಟಿತ್ತು, ಈಗಲೂ ಇದೆ. ಹೇಳಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು. ಮಾಂಯ್ ಎಲ್ಲ ಕೇಳಿಸಿಕೊಂಡಿದ್ದಳು. ಸ್ಟೂಲಿನ ಹತ್ತಿರ ನಿಲ್ಲದೆ ನೇರ ಒಳಗೆ ಬಂದು ನನ್ನ ಹಾಸಿಗೆಯ ಮೇಲೆ ಕೂತಳು. ಬೈಯಲಿಲ್ಲ. ನನ್ನ ಪಾದ ಎಳೆದು ತೊಡೆಯ ಮೇಲಿಟ್ಟುಕೊಂಡು ಜೋಮು ಹಿಡಿದ ಬೆರಳುಗಳನ್ನು ಒಂದೊಂದಾಗಿ ತಿಕ್ಕತೊಡಗಿದಳು. ನನಗೆ ಅದರ ಸ್ಪರ್ಶ ಪೂರ್ತಿ ಗೊತ್ತಾಗುತ್ತಿರಲಿಲ್ಲ, ನೋಡಿ ತಿಳಿದುಕೊಂಡೆ.

ಅವತ್ತೇ ಕುಮಟಾಕ್ಕೆ ಹೋದೆವು. ರಿಕ್ಷಾ ನಮ್ಮ ಮೆಟ್ಟಿಲವರೆಗೆ ಬಂತು. ಸಿಸ್ಟರ್‌ಗೆ ಏಳು ದಿನದ ವಿಷಯ ಹೇಳಿದೆ. ಅವರು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲ ಸರಿಯಾಗಿಯೇ ಇತ್ತು. ಡಾಕ್ಟರು ಮತ್ತೆ ಕಫ ಪರೀಕ್ಷೆಗೆ ಬರೆದರು. ಅಷ್ಟು ದಿನ ಬಿಟ್ಟಿದ್ದರಿಂದ ಏನಾಗಿದೆ ಅಂತ ಈಗಲೇ ಹೇಳಲಾಗುವುದಿಲ್ಲ, ಹೊರಗೆ ಕಾಯಿರಿ ಅಂದರು. ಪಪ್ಪಾ, ಮಾಂಯ್ ಔಷಧಿಯ ಕಿಟಕಿಯ ಹತ್ತಿರ ಹೋದರು. ಬೆಂಚಿನಲ್ಲಿ ನಾನೊಬ್ಬಳೇ. ಬೇರೆ ರೋಗಿಗಳು ಬಂದು ನನ್ನ ಕೆಮ್ಮು ಕೇಳಿ ಆಚೆ ಗೋಡೆಗೆ ಒರಗಿ ನಿಂತರು.

ಅಲ್ಲಿ ನಾನು ಪ್ರಾರ್ಥನೆ ಮಾಡಿದೆ. ಹತ್ತೊಂಬತ್ತನೇ ವಯಸ್ಸಿನ ನಂತರ ಮೊದಲ ಸಲ. ಸುಂದರವಾಗಿರಲಿಲ್ಲ ಅದು. ಯೇಸುವೇ, ನೀನು ಇದ್ದೀ ಅಂತ ನನಗೆ ಖಾತ್ರಿಯಿಲ್ಲ. ಇದ್ದರೂ ನನ್ನ ಹಲವು ಪ್ರಶ್ನೆಗಳಿಗೆ ನೀನು ಉತ್ತರ ಕೊಟ್ಟಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯದು ಬಂದರೆ ಕೊಡುತ್ತೇನೆ ಅಂತ ಚೌಕಾಸಿ ಮಾಡುವುದಿಲ್ಲ, ಅದು ಬರುವ ಮೊದಲೇ ಹೇಳುತ್ತಿದ್ದೇನೆ. ಈ ಬದುಕು ನನ್ನದು ಅಂತ ಹಿಡಿದುಕೊಂಡೆ, ಹಿಡಿದುಕೊಂಡು ಕ್ರೋಟನ್ ಗಿಡದ ಬುಡಕ್ಕೆ ಎಸೆದೆ. ಇನ್ನು ನೀನು ಇಟ್ಟುಕೋ. ಪೂರ್ತಿ. ಬದುಕಿಸಿದರೂ, ಇಲ್ಲದಿದ್ದರೂ. ಮಾತ್ರೆ ನಾನು ನುಂಗುತ್ತೇನೆ.

ಬೆಳಕು ಕಾಣಲಿಲ್ಲ, ಎದೆ ಹಗುರಾಗಲಿಲ್ಲ. ಬೆಂಚು ಖಾಲಿಯಾಗಿತ್ತು, ಖಾಲಿಯೇ ಉಳಿಯಿತು. ಒಪ್ಪಿಸಿಕೊಟ್ಟ ಮೇಲೂ ಒಂಟಿತನ ಇರುತ್ತದೆ, ಇದನ್ನು ಯಾವ ಚಪ್ಪರದಲ್ಲೂ ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ವಾದದಲ್ಲಿ ನನ್ನ ಸರದಿ ಮುಗಿದ ಮೇಲೆ ಎದುರಿನವರು ಹೇಳುವುದನ್ನು ನಾನು ಯಾವತ್ತೂ ಕೇಳಿಸಿಕೊಂಡಿದ್ದಿಲ್ಲ, ಅಷ್ಟು ಹೊತ್ತಿನಲ್ಲಿ ಮುಂದಿನ ಉತ್ತರ ಹೊಸೆಯುತ್ತಿದ್ದೆ. ಅವತ್ತು ಏನನ್ನೂ ಹೊಸೆಯದೆ, ಕೈ ಮಡಿಲಲ್ಲಿಟ್ಟುಕೊಂಡು ಕೂತೆ. ಆ ಕಡೆಯಿಂದ ಇನ್ನೂ ಮಾತು ಬಂದಿಲ್ಲ. ನಾನು ಎದ್ದು ಹೋಗಿಲ್ಲ.